ಇದು ಯಾರ ಕೈ?

ಹೋದ ವರ್ಷ ದಲಿತ ಸಾಹಿತ್ಯದ ಪಾಠ ಮುಗಿಸಿ, ಕೈಗೆ ಅಂಟಿದ ಸೀಮೆಸುಣ್ಣ ಕೊಡವಿಕೊಂಡು ಹೊರಡುತ್ತಿದ್ದೆ. ಹಲಗೂರಿನ ಪಕ್ಕದ ಹಳ್ಳಿಯೊಂದರಿಂದ ಬರುವ ಎರಡನೇ ಬಿ.ಎ. ಹುಡುಗಿ, ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನ ಅಂಚಿನಲ್ಲಿ ಏನೋ ಗೀಚುತ್ತಿದ್ದವಳು, ಎದ್ದು ನಿಂತಳು. "ಸಾ, ಕತೆ ಬರ್ಯೋರು, ಪದ್ಯ ಬರ್ಯೋರು ಅಂತ ಇಷ್ಟೊಂದು ಹೆಸ್ರು ಹೇಳುದ್ರಿ. ನಮ್ಮೋರಲ್ಲಿ ಚಿತ್ರ ಬುಡ್ಸೋರು ಯಾರೂ ಇಲ್ವಾ ಸಾ?"

"ಅವ್ರೆ ಕಣವ್ವ, ನಾಳೆ ಹೇಳ್ತೀನಿ" ಅಂದೆ. ಆ ನಾಳೆ ಬರಲಿಕ್ಕೆ ಎಂಟು ತಿಂಗಳು ಹಿಡಿಯಿತು. ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಕನ್ನಡ ಎಂ.ಎ. ಓದಿದವನು ನಾನು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ, ಮೂಡ್ನಾಕೂಡು ಚಿನ್ನಸ್ವಾಮಿ ಎಂದು ಹೆಸರುಗಳನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. 1973ರ ಬೂಸಾ ಪ್ರಕರಣದಿಂದ ಹಿಡಿದು ಚಳವಳಿಯ ಕವಲುಗಳವರೆಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಒಬ್ಬ ಚಿತ್ರಕಾರನ ಹೆಸರು ಬಾಯಿಗೆ ಬರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೊಂದು ಮನೆಗೆ ಹೋಗಿ ಊಟಕ್ಕೆ ಕೂತಾಗ ಹೊಳೆಯಿತು. ನನ್ನ ಸ್ವಂತ ಚಿಕ್ಕಪ್ಪ ಮೂವತ್ತು ವರ್ಷ ಬೋರ್ಡು ಬರೆದು ಬದುಕಿದವನು. ಹೋಬಳಿಯ ಎಷ್ಟೋ ಕೇರಿಗಳ ಗೋಡೆಯ ಮೇಲೆ ಬಾಬಾಸಾಹೇಬರನ್ನು ಬರೆದವನು ಅವನೇ. ಆ ಹುಡುಗಿ ಕೇಳಿದಾಗ ಅವನ ನೆನಪು ನನಗೆ ಯಾಕೆ ಬರಲಿಲ್ಲ? 'ಕಲಾವಿದ' ಎಂಬ ಪದದ ಒಳಗೆ ಚಿಕ್ಕಪ್ಪನನ್ನು ಕೂರಿಸಲು ನನ್ನ ಎಂ.ಎ. ನನಗೆ ಕಲಿಸಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ಚಿಕ್ಕಪ್ಪ 'ಶೈಲಿ' ಎಂಬ ಮಾತು ಆಡುವುದಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ: "ಇದು ಯಾರ ಕೈ?" ಸಾತನೂರಿನ ಕಡೆಯಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಕೂತು ಹೋಗುವಾಗ ಗೋಡೆಗಳನ್ನು ನೋಡುತ್ತಾ, ಇದು ಇಂಥವನ ಕೈ, ಅದು ಅವನ ಶಿಷ್ಯನ ಕೈ ಎಂದು ಹೇಳುತ್ತಾ ಹೋಗುತ್ತಿದ್ದ. ಹೆಂಗೆ ಗೊತ್ತಾಯ್ತದೆ ಅಂದರೆ, "ಬೆರಳು ನೋಡ್ಲಾ ಮಗ. ಮೊಖ ಎಲ್ರೂವೆ ಫೋಟೋ ಇಟ್ಕಂಡು ಚೌಕ ಹಾಕಿ ಎತ್ತುತಾರೆ. ಬೆರಳಿಗೆ ಬಂದಾಗ ಅವರವರ ಕೈ ಆಚೆಗೆ ಬತ್ತದೆ" ಅನ್ನುತ್ತಿದ್ದ. ಬಾಬಾಸಾಹೇಬರ ಆ ತೋರುಬೆರಳನ್ನು ಒಬ್ಬ ಕೋಲಿನ ಹಾಗೆ ನೆಟ್ಟಗೆ ಬರೆಯುತ್ತಾನೆ, ಇನ್ನೊಬ್ಬ ಗೆಣ್ಣು ಕಾಣುವ ಹಾಗೆ ಬರೆಯುತ್ತಾನೆ. ಚಿಕ್ಕಪ್ಪ ಬರೆದ ಬೆರಳುಗಳಿಗೆ ಉಗುರಿನ ಅಂಚಿನಲ್ಲಿ ಒಂದು ಸಣ್ಣ ಬಿಳಿ ಗೆರೆ ಇರುತ್ತದೆ. ಆ ಗೆರೆ ಎಳೆಯಲು ಮಾತ್ರ ಅವನು ಅಳಿಲಿನ ಕೂದಲ ತೆಳು ಬ್ರಷ್ಷನ್ನು ಬೇರೆ ಇಟ್ಟುಕೊಂಡಿದ್ದ. ಯಾಕೆ ಅಂತ ಕೇಳಿದ್ದಕ್ಕೆ, "ಓದ್ದೋರ ಕೈ ಅಲ್ವಾ, ಉಗುರು ಚೊಕ್ಕಟವಾಗಿರ್ಬೇಕು" ಅಂದಿದ್ದ. ಫ್ಲೆಕ್ಸ್ ಬಂದ ಮೇಲೆ ಅವನ ಕೆಲಸ ನಿಂತಿತು. ಈಗ ಹೊಲದ ಕೂಲಿ, ಆಗೊಮ್ಮೆ ಈಗೊಮ್ಮೆ ಟ್ರಾಕ್ಟರಿನ ಹಿಂದೆ ಹೆಸರು ಬರೆಯುವುದು.

ಈ 'ಕೈ' ಎಂಬ ಮಾತನ್ನೇ ಹಿಡಿದುಕೊಂಡು ನಾನು ಹುಡುಕಲು ಹೊರಟೆ. ಒಬ್ಬ ಕಲಾವಿದನ ಅನನ್ಯತೆ ಎಂದು ವಿಮರ್ಶೆ ಯಾವುದನ್ನು ಕರೆಯುತ್ತದೋ ಅದು ಬಹುಪಾಲು ಈ ಕೈಯ ಗುರುತೇ. ಅಷ್ಟೇ ಆಗಿದ್ದರೆ ಈ ಸಂಚಿಕೆಯಲ್ಲಿ ಅದನ್ನು ಬರೆಯಬೇಕಾಗಿರಲಿಲ್ಲ. ನಮ್ಮ ಸಮಾಜದಲ್ಲಿ ಕೈ ಅನ್ನುವುದು ಬರೀ ನೈಪುಣ್ಯದ ಮಾತಲ್ಲ, ಮುಟ್ಟುವ ಮುಟ್ಟದಿರುವ ಮಾತೂ ಹೌದು. ಯಾವ ಕೈ ಚರ್ಮ ಮುಟ್ಟಿತು, ಯಾವ ಕೈ ಸಗಣಿ ಬಾಚಿತು, ಯಾವ ಕೈ ಕಬ್ಬಿಣ ಕಾಯಿಸಿತು ಎನ್ನುವುದರ ಮೇಲೆ ಜಾತಿ ನಿಂತಿದೆ. ಹಾಗಾಗಿ ಸಮಕಾಲೀನ ಚಿತ್ರವನ್ನು ನೋಡುವಾಗ ದಲಿತ ವಿಮರ್ಶೆ ಎರಡು ಸಲ ಕೇಳಬೇಕಾಗುತ್ತದೆ. ಗೆರೆ ಎಳೆದದ್ದು ಯಾರ ಕೈ ಎಂಬುದು ಮೊದಲನೆಯದು. ಗೆರೆ ಎಳೆಯಲು ಬಳಸಿದ ವಸ್ತು ಇದಕ್ಕೆ ಮೊದಲು ಯಾರ ಕೈಯಲ್ಲಿತ್ತು ಎಂಬುದು ಎರಡನೆಯದು.

ನಾವು ಕಿವಿಯ ಜನ ಎಂದು ನಮ್ಮ ವಿಮರ್ಶೆ ನಂಬಿಕೊಂಡು ಬಂದಿದೆ. ಹಾಡು, ಕಥನ, ತಮಟೆ. ಚಳವಳಿ ಕಟ್ಟಿದ್ದೂ ಹಾಡಿನಿಂದಲೇ. 1975ರ 'ಹೊಲೆಮಾದಿಗರ ಹಾಡು' ಎಂಬ ಹೆಸರೇ ಅದನ್ನು ಹೇಳುತ್ತದೆ. ತಪ್ಪೇನಿಲ್ಲ. ಆದರೆ ಹಲಗೂರಿನಲ್ಲಿ ಕೂತು ಇದನ್ನು ಯೋಚಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ನಮ್ಮ ಹಲಗೂರಿಗೆ ಒಂದು ದೊಡ್ಡ ಸಾಲು ಇದೆ. ಧರೆಗೆ ದೊಡ್ಡವರ ಶಿಶುಮಗ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಬಂದದ್ದು ಹಲಗೂರಿನ ಪಾಂಚಾಳರ ಕೇರಿಗೆ. ಅವನೂ ಹುಟ್ಟಿನಿಂದ ಕೆಂಪಾಚಾರಿ, ಪಾಂಚಾಳರ ಮನೆಯವನೇ. ಆದರೂ ಅವರು ಕೊಡಲೊಪ್ಪದೆ ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಈ ಕಥನವನ್ನು ನಾವು ಭಕ್ತಿಯೆಂದೋ ಪ್ರತಿರೋಧವೆಂದೋ ಓದಿದ್ದೇವೆ. ಒಡ್ಡೊಡ್ಡಾಗಿ ಹೇಳಬೇಕೆಂದರೆ ಅದು ಕಚ್ಚಾ ವಸ್ತುವಿನ ಜಗಳ. ಕಬ್ಬಿಣ ಯಾರದು, ಅದಕ್ಕೆ ರೂಪ ಕೊಡುವ ಹಕ್ಕು ಯಾರದು ಎಂಬ ಜಗಳ. ಇನ್ನು, ಈ ಪರಂಪರೆಯವರು ಹಬ್ಬದಲ್ಲಿ ಹೊತ್ತು ಮೆರೆಸುವ ಕಂಡಾಯವನ್ನು ನೋಡಿ. ಕೈಕಾಲು ಮುಖವಿರುವ ಮೂರ್ತಿಯಲ್ಲ, ವಿಭೂತಿ ಬಳಿದ ಲೋಹದ ಲಾಂಛನ. ದೇವರನ್ನು ಮನುಷ್ಯರ ಮುಖದಲ್ಲಿ ತೋರಿಸಲೇಬೇಕು ಎಂಬ ಕಟ್ಟಳೆಯನ್ನು ನಮ್ಮವರು ಎಂದೋ ಬಿಟ್ಟಿದ್ದರು. ನನ್ನ ಓದಿನಲ್ಲಿ ಕಂಡಾಯದ ಹಾಡಿನ ಬಗ್ಗೆ ಬೇಕಾದಷ್ಟು ಟಿಪ್ಪಣಿಗಳಿವೆ. ಅದರ ಆಕಾರದ ಬಗ್ಗೆ ನಾನು ಒಂದು ಸಾಲೂ ಬರೆದುಕೊಂಡಿರಲಿಲ್ಲ. ಚಿಕ್ಕಲ್ಲೂರು ಜಾತ್ರೆಗೆ ಚಿಕ್ಕಂದಿನಿಂದ ಹೋಗಿದ್ದೇನೆ, ಹಾಡು ಕೇಳಿದ್ದೇನೆ, ನೋಡಿರಲಿಲ್ಲ.

ನನ್ನ ಕೈಗೆ ಮೊದಲು ಸಿಕ್ಕಿದ್ದು 'ಭೀಮಾಯಣ'. ಮೈಸೂರಿನ ಗೆಳೆಯನೊಬ್ಬ ವಾರಕ್ಕೆಂದು ಕೊಟ್ಟ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. 2011ರಲ್ಲಿ ನವಯಾನ ಪ್ರಕಾಶನ ತಂದ ಈ ಇಂಗ್ಲಿಷ್ ಪುಸ್ತಕಕ್ಕೆ ಮಾತು ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಚಿತ್ರ ಬರೆದವರು ಮಧ್ಯಪ್ರದೇಶದ ಪರ್ಧಾನ್ ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಗಂಡ ಹೆಂಡತಿ. ಬಾಬಾಸಾಹೇಬರ ಬದುಕಿನ ಅಸ್ಪೃಶ್ಯತೆಯ ಪ್ರಸಂಗಗಳನ್ನು ನೀರು, ನೆಲೆ, ಪಯಣ ಎಂದು ಮೂರು ಭಾಗ ಮಾಡಿ ಹೇಳುವ ಕಥೆ. ಶಾಲೆಯಲ್ಲಿ ಬಾಯಾರಿದ ಹುಡುಗ, 1917ರಲ್ಲಿ ಬರೋಡದಲ್ಲಿ ತಲೆ ಇಡಲು ಜಾಗ ಸಿಗದ ವಿದ್ವಾಂಸ, 1927ರ ಮಹಾಡ್ ಕೆರೆ.

ಕಾಮಿಕ್ಸ್ ಪುಸ್ತಕಗಳಲ್ಲಿ ಚೌಕ ಚೌಕ ಹಾಕಿ ಒಳಗೆ ಚಿತ್ರ ಇಡುತ್ತಾರಲ್ಲ, ಈ ದಂಪತಿ ಅದನ್ನು ಒಪ್ಪಲಿಲ್ಲ. ತಮ್ಮ ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಉಸಿರು ಕಟ್ಟುತ್ತದೆ ಎಂಬುದು ಅವರ ನಿಲುವು. ಊರಿನಿಂದ ಆಚೆಗೆ, ಗೆರೆ ಎಳೆದು ಇಟ್ಟ ಜನರ ಕಥೆಯನ್ನು ಗೆರೆ ಎಳೆದ ಪೆಟ್ಟಿಗೆಯಲ್ಲಿ ಹೇಳಲಾಗದು ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ. ಪುಟ ತುಂಬಾ ಬಳ್ಳಿಯ ಹಾಗೆ ಹರಿಯುವ ಅಂಚುಗಳಿವೆ. ಮನೆಯ ನೆಲಕ್ಕೆ ಗೋಡೆಗೆ ಅವರ ಹೆಂಗಸರು ಹಾಕುವ 'ಡಿಗ್ನಾ' ಎಂಬ ರಂಗೋಲಿಯಂಥ ವಿನ್ಯಾಸ ಅದು. ಮಾತಿನ ಗುಳ್ಳೆಗಳನ್ನೂ ಅವರು ತಮ್ಮದಾಗಿ ಮಾಡಿಕೊಂಡಿದ್ದಾರೆ. ಮೆದು ಮಾತಾಡುವವರ ಮಾತು ಹಕ್ಕಿಯ ಆಕಾರದಲ್ಲಿ ಬರುತ್ತದೆ. ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ ಇರುತ್ತದೆ. ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಓದಲು ಬಾರದ ನಮ್ಮವ್ವ ಪುಟ ತಿರುಗಿಸಿ ನೋಡಿ, ಯಾರು ಕೇಡಿಗರು ಎಂದು ಸರಿಯಾಗಿ ಗುರುತು ಹಿಡಿದಳು. ರೈಲು ಹಾವಾಗುತ್ತದೆ, ದಾಹದ ಮಾತು ಬಂದಲ್ಲಿ ಮೀನು ಬರುತ್ತದೆ. ಕಾಡಿನ ಕಣ್ಣು ರೈಲನ್ನು ಕಂಡ ರೀತಿ ಇದು. ಅಲಂಕಾರಕ್ಕೆಂದು ಹಚ್ಚಿದ್ದಲ್ಲ.

ಆದರೆ ಗೊಂಡರ ಚಿತ್ರ ಅಂದಕೂಡಲೆ ಅನಾದಿ ಕಾಲದಿಂದ ಹೀಗೇ ಇತ್ತು ಎಂದುಕೊಂಡರೆ ತಪ್ಪಾಗುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಕಾಗದದ ಮೇಲೆ, ಕ್ಯಾನ್ವಾಸಿನ ಮೇಲೆ ಹೀಗೆ ಚುಕ್ಕೆ ಗೆರೆಗಳಿಂದ ಮೈದುಂಬಿಸಿ ಬರೆಯುವ ದಾರಿಯನ್ನು ಕಂಡುಕೊಂಡವನು ಪಾಟನ್‌ಗಢ್‌ನ ಜನಗಢ್ ಸಿಂಗ್ ಶ್ಯಾಮ್ ಎಂಬ ಒಬ್ಬ ಹುಡುಗ. ಜೆ. ಸ್ವಾಮಿನಾಥನ್ 1980ರ ದಶಕದ ಆರಂಭದಲ್ಲಿ ಅವನನ್ನು ಭೋಪಾಲಿಗೆ ಕರೆತಂದರು. 1982ರಲ್ಲಿ ತೆರೆದ ಭಾರತ ಭವನದಲ್ಲಿ ಅವನ ಕೆಲಸ ನಿಂತಿತು. ಅವನ ಹಿಂದೆ ಬಂದವರು ಪ್ರತಿಯೊಬ್ಬರೂ ತಮ್ಮದೇ ಒಂದೊಂದು ಗುರುತು ಮಾಡಿಕೊಂಡರು, ಒಬ್ಬರ ಚುಕ್ಕೆ ಇನ್ನೊಬ್ಬರದಲ್ಲ. ಅಂದರೆ ಒಬ್ಬ ವ್ಯಕ್ತಿಯ ಕೈ ಒಂದು ಸಮುದಾಯದ ನುಡಿಗಟ್ಟಾಯಿತು. ಇಷ್ಟಾದರೂ ಜಗತ್ತು ಅವನನ್ನು 'ಬುಡಕಟ್ಟು ಕಲಾವಿದ' ಎಂದೇ ಕರೆಯಿತು. 2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಬರೆಯಲು ಹೋಗಿದ್ದವನು ಅಲ್ಲೇ ನೇಣು ಹಾಕಿಕೊಂಡು ಸತ್ತ. ಈ ಸಾವನ್ನು ಹೇಳದೆ ಅವನ ಬಣ್ಣಗಳ ಬಗ್ಗೆ ಮಾತ್ರ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ.

ನಾಗಪುರದ ಸವಿ ಸಾವರ್ಕರ್ ಇದಕ್ಕೆ ಪೂರಾ ಎದುರು ದಿಕ್ಕು. 1961ರಲ್ಲಿ ಹುಟ್ಟಿದ, ಬರೋಡದಲ್ಲಿ ಕಲಿತ, ದಿಲ್ಲಿಯಲ್ಲಿ ಪಾಠ ಹೇಳಿದ ಈ ಕಲಾವಿದನನ್ನು ಮೆಚ್ಚಲು ಕಷ್ಟವಾಗುತ್ತದೆ. ಅದೇ ಅವರ ಉದ್ದೇಶವೂ ಇದ್ದೀತು. ಪೇಶ್ವೆಗಳ ಕಾಲದಲ್ಲಿ ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ, ಹೆಜ್ಜೆ ಅಳಿಸಲು ಬೆನ್ನಿಗೆ ಪೊರಕೆ ಕಟ್ಟಿಕೊಂಡು ನಡೆಯಬೇಕಾಗಿದ್ದವನ ಆಕೃತಿ ಅವರಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವದಾಸಿಯರು ಬರುತ್ತಾರೆ, ಸತ್ತ ಹಸು ಬರುತ್ತದೆ. ಗೆರೆ ಒರಟು, ಕೆತ್ತಿದ ಹಾಗೆ. ಎಷ್ಟೋ ಕೆಲಸಗಳು ತಗಡಿನ ಮೇಲೆ ಕೊರೆದು ಅಚ್ಚೊತ್ತಿದವೇ. ಚಂದದ ಗೆರೆ ಬರೆಯಲು ಬಾರದ್ದರಿಂದ ಅಲ್ಲ, ಚಂದ ಎಂಬ ಮಾತಿನ ಮೇಲೆ ಅವರಿಗೆ ನಂಬಿಕೆ ಇಲ್ಲದ್ದರಿಂದ ಅದು ಹಾಗಿದೆ. ದಲಿತ ಸಾಹಿತ್ಯಕ್ಕೆ 'ಶಿಲ್ಪ ಸಾಲದು' ಎಂದು ಹೇಳಿದವರ ಮುಖ ನೆನಪಾಯಿತು ನನಗೆ. ತರಗತಿಯಲ್ಲಿ ಫೋನಿನಲ್ಲೇ ತೋರಿಸಿದೆ. ಹುಡುಗರು ಸುಮ್ಮನಾದರು. ಹಿಂದಿನ ಬೆಂಚಿನ ಹುಡುಗಿ ಮಾತ್ರ ಒಂದು ಮಾತು ಹೇಳಿದಳು: "ಇದ ಗೋಡೆ ಮ್ಯಾಲೆ ಬರುದ್ರೆ ನಮ್ಮೋರೇ ಅಳುಸ್ತಾರೆ ಸಾ. ಇದ್ನ ದಿನಾ ನೋಡ್ಕಂಡಿರಕ್ಕೆ ಆಗಲ್ಲ." ಸವಿಯವರ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಈ ಮಾತು ಇರಲಿಲ್ಲ. ನೋವಿನ ಚಿತ್ರವನ್ನು ಯಾರು, ಎಲ್ಲಿ, ಎಷ್ಟು ಹೊತ್ತು ನೋಡಬೇಕು? ಗ್ಯಾಲರಿಯಲ್ಲಿ ಐದು ನಿಮಿಷ ನಿಂತು ಹೋಗುವವನಿಗೆ ಅದು ಎಚ್ಚರ. ಅದರೆದುರೇ ನೀರು ಹಿಡಿಯಬೇಕಾದವಳಿಗೆ ಅದು ಬೇರೇನೋ.

ಇನ್ನು ವಸ್ತುವಿನ ಪ್ರಶ್ನೆ. ನಮ್ಮ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ, ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತವರು. ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದವರು 1992ರ ಮುಂಬೈ ಗಲಭೆಯ ನಂತರದ ದಿನಗಳಲ್ಲಿ ಕುಂಚ ಬಿಟ್ಟು ಸಗಣಿ ಹಿಡಿದರು. ಆಮೇಲೆ ದಾರವನ್ನು ಸೂಜಿಗಳಿಗೆ ಪೋಣಿಸಿ, ಕುಂಕುಮ ಮತ್ತು ಅಂಟು ಬಳಿದು, ನೂರಾರು ಎಳೆಗಳನ್ನು ಸೇರಿಸಿ ಕೆಂಪು ಹಗ್ಗ ಮಾಡಿ ಗೋಡೆಯ ಮೇಲೆ, ನೆಲದ ಮೇಲೆ ಹರಿಯಬಿಟ್ಟರು. ಕರುಳಿನ ಹಾಗೆ ಕಾಣುತ್ತದೆ. 2006ರಲ್ಲಿ ರಸ್ತೆ ಕೆಲಸದವರು ಟಾರು ಡ್ರಮ್ಮುಗಳನ್ನು ತಟ್ಟಿ ಹಾಳೆ ಮಾಡಿ ಕಟ್ಟಿಕೊಳ್ಳುವ ಗುಡಿಸಲಿನ ಹಾಗೆ ಒಂದು ಕತ್ತಲ ಕೋಣೆ ಕಟ್ಟಿದರು. ತಗ್ಗಿ ಒಳಗೆ ಹೋದರೆ ಚಾವಣಿಯ ತೂತುಗಳಿಂದ ಬೆಳಕು ನಕ್ಷತ್ರದಂತೆ ಬೀಳುತ್ತದೆ. 2009ರಲ್ಲಿ ವೆನಿಸ್ಸಿನಲ್ಲಿ ಕೂದಲ ಹಗ್ಗಗಳಿಂದ ಕಾರಿನ ಬಂಪರುಗಳನ್ನು ತೂಗುಬಿಟ್ಟರು. ದೃಷ್ಟಿಯಾಗದಿರಲೆಂದು ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುವ ಅದೇ ಕೂದಲ ಹಗ್ಗ. 2012ರ ಮೊದಲ ಕೊಚ್ಚಿ ಬಿನಾಲೆಯಲ್ಲಿ, ಮಿಕ್ಸಿ ಬಂದ ಮೇಲೆ ಮನೆಯಾಚೆ ಬಿದ್ದ ಒರಳುಕಲ್ಲುಗಳನ್ನು ಸಾಗಿಸಿ ಇಟ್ಟರು. ಅದನ್ನು ಮಾಡಿದ್ದು ಕ್ರಿಸ್ಟೋಫ್ ಸ್ಟೋರ್ಜ್ ಜೊತೆ ಸೇರಿ.

ಇದನ್ನು ಅವ್ವನಿಗೆ ವಿವರಿಸಿ ಹೇಳಿದೆ. ಸಗಣಿಯ ಭಾಗ ಬಂದಾಗ ನಕ್ಕಳು. "ಅದ್ಕೂ ದುಡ್ಡು ಕೊಡ್ತಾರಾ? ನಾನು ಇಪ್ಪತ್ತು ವರ್ಸ ಗೌಡ್ರ ಕೊಟ್ಗೆ ಬಾಚಿವ್ನಿ." ಆ ನಗುವಿನ ಮುಂದೆ ನಾನು ಸಿದ್ಧಾಂತ ಹೇಳಲಾರದೆ ಹೋದೆ. ಸಗಣಿ ಗ್ಯಾಲರಿಗೆ ಹೋದಾಗ ಕಲೆಯಾಗುತ್ತದೆ, ಕೊಟ್ಟಿಗೆಯಲ್ಲಿದ್ದಾಗ ಬಿಟ್ಟಿಯಾಗುತ್ತದೆ. ಈ ಸಿಟ್ಟು ನ್ಯಾಯವಾದದ್ದು. ಆದರೆ ಈ ಸಿಟ್ಟಿನಲ್ಲೇ ನಿಂತುಬಿಟ್ಟರೆ ಶೀಲಾ ಗೌಡರ ಕೈಯನ್ನು ನಾವು ಕಾಣದೆ ಹೋಗುತ್ತೇವೆ. ಅವರು ಶ್ರಮವನ್ನು ಚಿತ್ರವಾಗಿ ಬರೆದು ತೋರಿಸುವುದಿಲ್ಲ. ಬೆವರು ಸುರಿಸುವ ಕೂಲಿಯವನ ಚಿತ್ರ ಅವರಲ್ಲಿ ಸಿಗದು. ಶ್ರಮ ಮುಟ್ಟಿದ ವಸ್ತುವನ್ನು ತಂದು ನಿಲ್ಲಿಸಿ, ಅದೇ ಶ್ರಮವನ್ನು ತಾವೂ ಮಾಡುತ್ತಾರೆ. ಎಳೆ ಎಳೆಯಾಗಿ ಪೋಣಿಸುತ್ತಾರೆ, ಬಳಿಯುತ್ತಾರೆ, ಹೊಸೆಯುತ್ತಾರೆ. ಅದು ಅವರ ಗುರುತು. ಆದರೂ ಅವರು ಸಗಣಿಯನ್ನು ಆರಿಸಿಕೊಂಡರು. ನಮ್ಮವ್ವನಿಗೆ ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳುವ ಭಾಷೆ ನಮ್ಮ ವಿಮರ್ಶೆಗೆ ಇನ್ನೂ ಬರಬೇಕು.

ಹೋದ ಡಿಸೆಂಬರಿನಲ್ಲಿ ಎಂಟು ಜನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕನಕಪುರದ ಮೇಲಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಮೊದಲು ಒಂದು ಗ್ಯಾಲರಿ. ಗೇಟಿನ ಹತ್ತಿರ ಎಲ್ಲರೂ ನಿಂತುಬಿಟ್ಟರು. "ನಮ್ನ ಒಳಿಕ್ ಬುಡ್ತಾರಾ ಸಾ?" ಗೇಟಿನವರು ಏನೂ ಅಂದಿರಲಿಲ್ಲ, ನಮ್ಮ ಕಡೆ ನೋಡಿಯೂ ಇರಲಿಲ್ಲ. ತಡೆ ನಮ್ಮ ಕಾಲಿನಲ್ಲೇ ಇತ್ತು. ನಾನು ಮುಂದೆ ಹೋದೆ ನಿಜ, ಆದರೆ ನನ್ನ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಗಳಿಗೆ ನಾನೂ ನೆಲ ನೋಡಿದೆ.

ಅಲ್ಲಿಂದ ಚಿತ್ರಕಲಾ ಪರಿಷತ್ತಿಗೆ, ತೊಗಲುಗೊಂಬೆಗಳನ್ನು ನೋಡಲು. ಎಂ.ಎಸ್. ನಂಜುಂಡರಾವ್ ಕರ್ನಾಟಕದ ಊರೂರಿನಿಂದ ಸಂಗ್ರಹಿಸಿದ ಗೊಂಬೆಗಳಿವು. ಇವನ್ನು ಮಾಡಿದವರು, ಆಡಿಸಿದವರು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಸಿಳ್ಳೇಕ್ಯಾತ ಎಂಬ ಹೆಸರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಮೇಕೆಯ ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಬಣ್ಣ ಕಟ್ಟಿ, ಒಡವೆಯ ಜಾಗದಲ್ಲಿ, ಸೀರೆಯ ಅಂಚಿನಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಇಟ್ಟಾಗ ಒಡವೆ ಹೊಳೆಯುವುದು ಬಣ್ಣದಿಂದಲ್ಲ, ಇಲ್ಲದ ಚರ್ಮದಿಂದ. ಅದನ್ನು ನೋಡುತ್ತಾ ನಿಂತಾಗ ಟಾರು ಡ್ರಮ್ಮಿನ ಕೋಣೆಯ ಚಾವಣಿ ನೆನಪಾಗಿ ಮೈ ಜುಮ್ಮೆಂದಿತು. ಅದೇ ಉಪಾಯ! ತೂತು ಕೊರೆದು ಬೆಳಕಿನಲ್ಲಿ ಬರೆಯುವುದು. ಆದರೆ ಒಂದು ಕಡೆ ಕೊರೆದವರ ಹೆಸರು ಜಗತ್ತಿಗೆ ಗೊತ್ತು, ಇನ್ನೊಂದು ಕಡೆ ಗೊಂಬೆಯ ಕೆಳಗಿನ ಚೀಟಿಯಲ್ಲಿ ಪಾತ್ರದ ಹೆಸರಿದೆ, ಊರಿದೆ, ಕೊರೆದವರ ಹೆಸರು ನನಗೆ ಕಾಣಲಿಲ್ಲ. ಗೊಂಬೆಯಿಂದ ಗೊಂಬೆಗೆ ಮೂಗಿನ ತಿರುವು ಬೇರೆ, ಕಣ್ಣಿನ ಅಂಚು ಬೇರೆ. ಚಿಕ್ಕಪ್ಪ ಇದ್ದಿದ್ದರೆ ಇದು ಒಬ್ಬನ ಕೈ, ಇದು ಇನ್ನೊಬ್ಬನದು ಎಂದು ವಿಂಗಡಿಸಿ ಇಟ್ಟುಬಿಡುತ್ತಿದ್ದ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಬದುಕಿಡೀ ಗೊಂಬೆ ಆಡಿಸಿದವರನ್ನು ನಾಡು ಹೆಸರಿನಿಂದ ಕರೆಯಲು ಅಷ್ಟು ಕಾಲ ಹಿಡಿಯಿತು. ಆಗಲೂ ಅವರು 'ಜನಪದ ಕಲಾವಿದೆ'. ಸಮಕಾಲೀನರು ಎಂದು ಯಾರೂ ಅನ್ನಲಿಲ್ಲ, ಅವರು ನಮ್ಮ ಕಾಲದಲ್ಲೇ ಬದುಕಿದ್ದರೂ.

ಮೈಸೂರಿನ ಎನ್.ಎಸ್. ಹರ್ಷ ಅವರನ್ನು ನಮ್ಮ ಹುಡುಗರಿಗೆ ಪರಿಚಯಿಸುವುದು ಬಲು ಸುಲಭವಾಯಿತು. ಹತ್ತಿರದ ಊರಿನವರು ಎಂಬುದು ಒಂದು. ಸಾಲು ಎಂಬುದು ಇನ್ನೊಂದು. ಬೆರಳುದ್ದದ ಮನುಷ್ಯರು ಸಾಲುಸಾಲಾಗಿ ಕೂತಿರುತ್ತಾರೆ. ದೂರದಿಂದ ಎಲ್ಲರೂ ಒಂದೇ, ಹತ್ತಿರ ಹೋದರೆ ಒಬ್ಬೊಬ್ಬರದೂ ಒಂದೊಂದು ಮುಖ, ಒಂದೊಂದು ತಕರಾರು. ಬರುವವರ, ಎಲೆ ಹಾಕಿ ಉಣ್ಣುವವರ, ಮಲಗಿದವರ ಸಾಲುಗಳ ಮೂರು ದೊಡ್ಡ ಚಿತ್ರಗಳು 1999ರಿಂದ 2001ರ ನಡುವಿನವು. ಪಂಕ್ತಿ ಎಂದ ಕೂಡಲೆ ನಮಗೆ ಎದ್ದು ಹೋಗು ಎಂದ ಮಾತೂ ನೆನಪಾಗುತ್ತದೆ, ಚಿಕ್ಕಲ್ಲೂರಿನಲ್ಲಿ ಎಲ್ಲ ಜಾತಿಯವರೂ ಕೂತು ಬಾಡೂಟ ಉಣ್ಣುವ ಪಂಕ್ತಿಸೇವೆಯೂ ನೆನಪಾಗುತ್ತದೆ. ಹರ್ಷರ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ? ಅವರ ನಗು ಮೃದುವಾದದ್ದು, ಒಮ್ಮೊಮ್ಮೆ ಬಲು ಮೃದು. ನನಗೆ ಅಲ್ಲಿ ಸ್ವಲ್ಪ ಖಾರ ಬೇಕಿತ್ತು ಅನ್ನಿಸುತ್ತದೆ.

ರಾಮನಗರ ಕಡೆಯ ಬನ್ನಿಕುಪ್ಪೆಯ ಕಾಪ್ ಶಿವ ನಮಗೆ ಇನ್ನೂ ಹತ್ತಿರ. ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಕ್ಯಾಮೆರಾ ಹಿಡಿದವರು. ಬೆಂಗಳೂರಿನಲ್ಲಿ ಸುರೇಶ್ ಜಯರಾಮ್ ನಡೆಸುವ ಶಾಂತಿ ರಸ್ತೆಯ ಕಲಾಮನೆಯ ಒಡನಾಟದಲ್ಲಿ ಬೆಳೆದವರು. ಮೈಗೆ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರಿನಲ್ಲಿ ನಿಲ್ಲುವ ಮೇಷ್ಟ್ರು ಬಾಗದೇಹಳ್ಳಿ ಬಸವರಾಜು ಅವರ ಫೋಟೊಗಳಿಂದ ಹೆಸರಾದರು. ವೇಷ ಹಾಕಿದವನನ್ನು ಅವರು ನೋಡುವುದು ಗೇಲಿಯಿಂದಲ್ಲ, ನಾಟಕದ ಚೌಕಿಯಲ್ಲಿ ಕೂತವರ ಸಲಿಗೆಯಿಂದ. ಇನ್ನು ಕಣ್ಣೂರಿನ ಕಡೆಯ ಸಾಜನ್ ಮಣಿ. ರಬ್ಬರ್ ಹಾಲು ಇಳಿಸುವವರ ಮನೆಯಿಂದ ಬಂದು ಆ ರಬ್ಬರಿನ ಹಾಳೆಯ ಮೇಲೇ ಚಿತ್ರ ಮೂಡಿಸುತ್ತಾರೆ, ಪೊಯ್ಕಯಿಲ್ ಅಪ್ಪಚ್ಚನ್ ಅವರ ಹಾಡುಗಳನ್ನು ಮೈಯಿಂದ, ಕೈಯಿಂದ ಗೋಡೆಗೆ ಇಳಿಸುತ್ತಾರೆ. 2021ರಲ್ಲಿ ಬರ್ಲಿನ್ ಕಲಾ ಪ್ರಶಸ್ತಿ ಪಡೆದರು. ಶೀಲಾ ಗೌಡರ ಬಗ್ಗೆ ಎತ್ತಿದ ಪ್ರಶ್ನೆಗೆ ಸಾಜನ್ ಮಣಿಯ ಹಾಳೆಗಳಲ್ಲಿ ಒಂದು ಉತ್ತರ ಇದೆ. ಇಲ್ಲಿ ವಸ್ತುವನ್ನು ಹಿಂದೆ ಮುಟ್ಟಿದ ಕೈಯೂ ಈಗ ಗೆರೆ ಎಳೆಯುವ ಕೈಯೂ ಒಂದೇ ಮನೆಯವು.

ಹೀಗೆ ಹೆಸರುಗಳು ಕೂಡಿಕೊಂಡ ಮೇಲೆ ಆ ಹುಡುಗಿಗೆ ಉತ್ತರ ಕೊಟ್ಟೆ. ಅಷ್ಟು ಹೊತ್ತಿಗೆ ಅವಳು ಉತ್ತರಕ್ಕೆ ಕಾಯುತ್ತಿರಲಿಲ್ಲ. ಭೀಮಾಯಣವನ್ನು ಮನೆಗ ಒಯ್ದು, ಇದ್ದಿಲಿನಲ್ಲಿ ನೋಡಿಕೊಂಡು ಬರೆದು, ಆಮೇಲೆ ನೋಡದೆ ಬರೆಯತೊಡಗಿದ್ದಳು. ಏಪ್ರಿಲ್ 14ಕ್ಕೆ ನಮ್ಮ ಕೇರಿಯ ಗೋಡೆಗೆ ತಾನು ಬಾಬಾಸಾಹೇಬರನ್ನು ಬರೆಯುತ್ತೇನೆ ಎಂದಳು. ಅವಳ ಬಾಬಾಸಾಹೇಬರ ನೀಲಿ ಕೋಟಿನ ತುಂಬ ಚುಕ್ಕೆ, ಮೀನು, ರಾಗಿತೆನೆ. ಅಲ್ಲಿಂದ ಜಗಳ ಶುರುವಾಯಿತು.

ಕೇರಿಯ ಹುಡುಗರ ಸಂಘದವರು ಒಪ್ಪಲಿಲ್ಲ. ಒಬ್ಬ ಬಲು ಖಡಕ್ಕಾಗಿ ಹೇಳಿದ: "ಮೇಷ್ಟ್ರೇ, ಆ ಕೋಟು ಸುಮ್ನೆ ಬಂದಿಲ್ಲ. ಅದ್ರ ಮ್ಯಾಲೆ ಮೀನು ಬುಟ್ರೆ ನಾಳೆ ಊರೋರು ನಗ್ತಾರೆ." ಈ ಮಾತನ್ನು ಅರಸಿಕತೆ ಎಂದು ತಳ್ಳಿಹಾಕುವವರಿಗೆ ನಮ್ಮ ಚರಿತ್ರೆ ಗೊತ್ತಿಲ್ಲ. 1967ರಲ್ಲಿ ಸಂಸತ್ತಿನ ಆವರಣದಲ್ಲಿ ಬಿ.ವಿ. ವಾಘ್ ಮಾಡಿದ ಕಂಚಿನ ಪ್ರತಿಮೆ ನಿಂತಿತು. ಒಂದು ಕೈಯಲ್ಲಿ ಸಂವಿಧಾನ, ಇನ್ನೊಂದು ಕೈ ಮುಂದಕ್ಕೆ ತೋರುವ ಬೆರಳು. 2024ರಲ್ಲಿ ಅದನ್ನು ಅದೇ ಆವರಣದ ಬೇರೆ ಕಡೆಗೆ ಸರಿಸಿದರು, ಅದು ಬೇರೆ ಮಾತು. ಅದೇ ನಿಲುವು ದೇಶದ ಲಕ್ಷಾಂತರ ಕೇರಿಗಳಲ್ಲಿ ಸಿಮೆಂಟಿನಲ್ಲಿ, ಎನಾಮಲ್ಲಿನಲ್ಲಿ, ಫ್ಲೆಕ್ಸಿನಲ್ಲಿ ಬಂದಿದೆ. ಯಾರ ಕೈಯೂ ಎದ್ದು ಕಾಣಬಾರದು ಎಂಬುದೇ ಅದರ ಶೈಲಿ. ಕೋಟು, ಟೈ, ಕನ್ನಡಕ, ಪುಸ್ತಕ ಎಲ್ಲೆಡೆ ಒಂದೇ ಆಗಿರುವುದರಿಂದಲೇ, ಕಂಡರಿಯದ ಊರಿನಲ್ಲಿ ಬಸ್ಸಿಳಿದಾಗ ನಮ್ಮವರು ಎಲ್ಲಿದ್ದಾರೆ ಎಂದು ಗೊತ್ತಾಗುತ್ತದೆ. ಅದರ ಬೆರಳು ಮುರಿಯುವವರಿಗೂ ಅದು ಗೊತ್ತು. ಅಂಥ ಚಿತ್ರಕ್ಕೆ ಒಬ್ಬ ಕಲಾವಿದೆಯ 'ಅನನ್ಯತೆ' ಬೇಕೇ? ನಾನು ಎಂಟು ತಿಂಗಳು ಹುಡುಕಿದ್ದೇ ಅನನ್ಯತೆಯನ್ನು. ಆದರೂ ಆ ಹುಡುಗನ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ.

ಚಿಕ್ಕಪ್ಪನನ್ನು ಕರೆದರು. ಅವನು ಹುಡುಗಿಯ ಇದ್ದಿಲ ಚಿತ್ರ ನೋಡಿದ, ಭೀಮಾಯಣ ತಿರುವಿದ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟು, "ಕನ್ನಡ್ಕ ಹಾಕುದ್ರೂ ಕಣ್ಣ ಮರೆಯಾಗಕ್ ಬುಟ್ಟಿಲ್ಲ ನೋಡು ಇವ್ರು. ನಂಗೆ ಆ ಗಾಜಿನ ಹೊಳಪು ತರಕೋಗಿ ಕಣ್ಣೇ ಹೋಗ್ಬುಡೋದು" ಅಂದ. ಮೂವತ್ತು ವರ್ಷ ತಾನು ಬರೆದ ಕಣ್ಣುಗಳ ಬಗ್ಗೆ ಅವನು ಹಾಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಹುಡುಗಿಗೆ ಹೇಳಿದ: "ಮಗ, ಕೋಟು ಬ್ಯಾಡ. ಕೋಟು ನಂದು. ನೀನು ನೀರ ಬರಿ."

ಹಾಗೆ ತೀರ್ಮಾನವಾಯಿತು. ಹಳೆಯ ಗೋಡೆಯ ಬಾಬಾಸಾಹೇಬರಿಗೆ ಚಿಕ್ಕಪ್ಪನೇ ಮತ್ತೆ ಬಣ್ಣ ಹಚ್ಚುತ್ತಾನೆ, ಉಗುರಿನ ಬಿಳಿ ಗೆರೆ ಸಮೇತ. ಎದುರಿನ ನೀರಿನ ಟ್ಯಾಂಕಿನ ಮೇಲೆ ಹುಡುಗಿ ಮಹಾಡ್ ಕೆರೆ ಬರೆಯುತ್ತಾಳೆ, ಮೀನು ಸಮೇತ. ಸಂಘದವರು ಇನ್ನೂ ಅರೆಮನಸ್ಸಿನಲ್ಲೇ ಇದ್ದಾರೆ. ಫ್ಲೆಕ್ಸಿಗೆಂದು ಎತ್ತಿಟ್ಟಿದ್ದ ದುಡ್ಡು ಟ್ಯಾಂಕಿನ ಪ್ರೈಮರಿಗೇ ಮುಗಿಯಿತು. ನೀಲಿ ಎನಾಮಲ್ಲಿಗೆ ಚಂದಾ ಎತ್ತುತ್ತಿದ್ದೇವೆ.